ಜನರಲ್ ಕೆ.ಎಸ್. ತಿಮ್ಮಯ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಹೊರಗೆ ತಿಮ್ಮಯ್ಯನವರ ಮಾತು ಬಂದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಪತ್ರಗಳಲ್ಲಿ ಬಂದವು, ಕೆಲವು ಮಾತಿನ ನಡುವೆ ಎದ್ದವು. ಕೇಳಿದವರ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ವಾದಕ್ಕೆ ಎಡೆ ಇರುವವು ಕೊನೆಗೆ.

## ಪರಿಚಯ

ತಿಮ್ಮಯ್ಯ ಎಂದರೆ ಯಾರು? ಎರಡು ಮಾತಿನಲ್ಲಿ ಹೇಳಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ, ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದರು. 1957ರ ಮೇ ತಿಂಗಳಿನಿಂದ 1961ರ ಮೇ ತಿಂಗಳವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸಿದರು. 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 59 ವರ್ಷ.

ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಒಂದೇ ಮನೆಯವರಂತೆ. ಅಣ್ಣ ತಮ್ಮಂದಿರೇ?

ಅಲ್ಲ. ಇಬ್ಬರೂ ಕೊಡಂದೇರ ಒಕ್ಕಕ್ಕೆ (ಕೊಡವರ ಮನೆತನಕ್ಕೆ) ಸೇರಿದವರು ಎಂಬುದು ನಿಜ, ಆದರೆ ತಂದೆತಾಯಿ ಬೇರೆ. ಕಾರ್ಯಪ್ಪನವರು ಏಳು ವರ್ಷ ಹಿರಿಯರು, 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದವರು. ಒಂದೇ ಒಕ್ಕದ ಇಬ್ಬರು ಹತ್ತೇ ವರ್ಷದ ಅಂತರದಲ್ಲಿ ದೇಶದ ಸೇನೆಯ ಚುಕ್ಕಾಣಿ ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ. 1948ರ ಕಾಶ್ಮೀರ ಯುದ್ಧದಲ್ಲಿ ಕಾರ್ಯಪ್ಪನವರು ಪಶ್ಚಿಮದ ಸೇನೆಯ ಹೊಣೆ ಹೊತ್ತಿದ್ದರೆ, ಅವರ ಕೈಕೆಳಗೆ ಕಾಶ್ಮೀರ ಕಣಿವೆಯ ಡಿವಿಷನ್ ತಿಮ್ಮಯ್ಯನವರದಾಗಿತ್ತು.

ಸ್ವಭಾವದಲ್ಲಿ ಮಾತ್ರ ಇಬ್ಬರೂ ಉತ್ತರ ದಕ್ಷಿಣ. ಕಾರ್ಯಪ್ಪನವರದು ಕಟ್ಟುನಿಟ್ಟಿನ ಶಿಸ್ತು, ದೂರ ಕಾಯ್ದುಕೊಳ್ಳುವ ಗಾಂಭೀರ್ಯ. ತಿಮ್ಮಯ್ಯನವರು ನಗುನಗುತ್ತ ಸಿಪಾಯಿಗಳ ಜೊತೆ ಬೆರೆಯುವವರು. ಸೇನೆಯಲ್ಲಿ ಅವರಿಗಿದ್ದ ಹೆಸರು ‘ಟಿಮ್ಮಿ’, ಮನೆಯಲ್ಲಿ ‘ದುಬ್ಬು’.

ಅವರ ಹೆಂಡತಿ ಕಾರ್ಯಪ್ಪನವರ ಮಗಳು ಎಂದು ಕೇಳಿದ್ದೇನೆ. ನಿಜವೇ?

ಇಲ್ಲ. ನೀನಾ ಅವರ ತವರಿನ ಹೆಸರಿನಲ್ಲಿ ‘ಕಾರ್ಯಪ್ಪ’ ಇದ್ದುದರಿಂದ ಹುಟ್ಟಿದ ಗೊಂದಲ ಇದು. ತಿಮ್ಮಯ್ಯ ಮತ್ತು ನೀನಾ ಮದುವೆಯಾದದ್ದು 1935ರಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮದುವೆ ನಡೆದದ್ದೇ ಅದರ ಎರಡು ವರ್ಷಗಳ ನಂತರ. ಮದುವೆಯಾದ ವರ್ಷವೇ ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾಯಿತು. ಆಗ ಅಲ್ಲಿದ್ದ ಈ ದಂಪತಿ ಪರಿಹಾರ ಕಾರ್ಯದಲ್ಲಿ ದುಡಿದರು, ನೀನಾ ಅವರಿಗೆ ಅದಕ್ಕಾಗಿ ಕೈಸರ್-ಎ-ಹಿಂದ್ ಪದಕ ಬಂದಿತು. ತಿಮ್ಮಯ್ಯನವರ ತಾಯಿ ಸೀತಮ್ಮನವರಿಗೂ ಸಮಾಜಸೇವೆಗಾಗಿ ಅದೇ ಪದಕ ಸಿಕ್ಕಿತ್ತು.

ಓದಿದ್ದು ಎಲ್ಲಿ? ಸೇನೆ ಸೇರಿದ್ದು ಹೇಗೆ?

ಎಂಟನೆಯ ವಯಸ್ಸಿಗೆ ಕೂನೂರಿನ ಸೇಂಟ್ ಜೋಸೆಫ್ಸ್, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಅಲ್ಲಿಂದ ಡೆಹ್ರಾಡೂನ್‌ನಲ್ಲಿ 1922ರಲ್ಲಿ ತೆರೆದಿದ್ದ ಮಿಲಿಟರಿ ಶಾಲೆ, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರವರಿ 4ರಂದು ಸೆಕೆಂಡ್ ಲೆಫ್ಟಿನೆಂಟ್ ಆದರು. ಮೊದಲು ಬ್ರಿಟಿಷ್ ಪಲ್ಟನ್ ಒಂದರಲ್ಲಿ ಕೆಲಸ ಕಲಿತು, ಬಳಿಕ 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ ಸೇರಿದರು. ಇಂದಿನ 4 ಕುಮಾವೂಂ ಅದೇ. ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಇದೇ ಬೆಟಾಲಿಯನ್‌ನವರು.

ಬ್ರಿಟಿಷರ ಸೈನ್ಯದಲ್ಲಿದ್ದವರನ್ನು ನಾವು ದೇಶಭಕ್ತರೆಂದು ಹೇಗೆ ಕರೆಯುವುದು?

ಈ ಪ್ರಶ್ನೆ ತಿಮ್ಮಯ್ಯನವರನ್ನೂ ಕಾಡಿತ್ತು. ತರುಣ ಅಧಿಕಾರಿಯಾಗಿ ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ನಾವು ರಾಜೀನಾಮೆ ಕೊಟ್ಟು ಚಳವಳಿಗೆ ಬರಬೇಕೇ ಎಂದು ಕೇಳಿದಾಗ ಮೋತಿಲಾಲರು ಬೇಡವೆಂದರು. ನಾಳೆ ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ತನ್ನದೇ ಸೈನ್ಯ ಬೇಕು, ಅದನ್ನು ನಡೆಸುವ ಕೆಲಸ ಕಲಿತವರೂ ಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಇದನ್ನು ತಿಮ್ಮಯ್ಯನವರೇ ನೆನೆದುಕೊಂಡಿದ್ದಾರೆ.

ಅವರ ಮನೆಯೊಳಗೇ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಅಣ್ಣ ಪೊನ್ನಪ್ಪ ಜಪಾನೀಯರ ಸೆರೆ ಸಿಕ್ಕ ಮೇಲೆ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಅದೇ ಜಪಾನೀಯರ ವಿರುದ್ಧ ಬರ್ಮಾದಲ್ಲಿ ಹೋರಾಡಿದರು. ಕಿರಿಯ ಸೋದರ ಸೋಮಯ್ಯ 1947-48ರ ಯುದ್ಧದ ಕಾಲದಲ್ಲಿ ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು. ಒಂದೇ ಮನೆಯ ಈ ಮೂವರಲ್ಲಿ ಯಾರ ದೇಶಭಕ್ತಿ ಹೆಚ್ಚು, ಯಾರದು ಕಡಿಮೆ ಎಂದು ತೂಗಿ ನೋಡುವ ಧೈರ್ಯ ನನಗಿಲ್ಲ.

ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಏಕೆ ಸಿಗಲಿಲ್ಲ?

ಭಾರತದಲ್ಲಿ ಆ ಪದವಿಯನ್ನು ಮೊದಲ ಬಾರಿಗೆ ಕೊಟ್ಟದ್ದು 1973ರಲ್ಲಿ, ಮಾಣೆಕ್ ಷಾ ಅವರಿಗೆ. ಕಾರ್ಯಪ್ಪನವರಿಗೆ ಕೊಟ್ಟದ್ದು 1986ರಲ್ಲಿ, ಅವರು 87ರ ಹಿರಿಯರಾಗಿದ್ದಾಗ. ಅಷ್ಟು ಹೊತ್ತಿಗೆ ತಿಮ್ಮಯ್ಯ ತೀರಿಕೊಂಡು 20 ವರ್ಷಗಳಾಗಿದ್ದವು. ಅನ್ಯಾಯವಾಯಿತು ಎಂದು ಕೊರಗುವವರಿದ್ದಾರೆ, ನನಗೇನೂ ಹಾಗೆ ಅನ್ನಿಸುವುದಿಲ್ಲ.

ಮಡಿಕೇರಿಯಲ್ಲಿ ಅವರ ಮನೆ ನೋಡಬಹುದೇ?

ನೋಡಬಹುದು. ‘ಸನ್ನಿಸೈಡ್’ ಎಂಬ ಆ ಮನೆಯಲ್ಲಿ ಬಹಳ ಕಾಲ ಸಾರಿಗೆ ಇಲಾಖೆಯ ಕಚೇರಿ ನಡೆಯುತ್ತಿತ್ತು. ಸೇನಾ ಮುಖ್ಯಸ್ಥರೊಬ್ಬರು ಹುಟ್ಟಿ ಬೆಳೆದ ಅಂಗಳದಲ್ಲಿ ಜನ ಚಾಲನಾ ಪರವಾನಗಿಗೆ ಸಾಲು ನಿಂತಿದ್ದರು ಎನ್ನುವುದು ನಮ್ಮ ಸ್ಮರಣಶಕ್ತಿಯ ಬಗ್ಗೆ ಸಾಕಷ್ಟು ಹೇಳುತ್ತದೆ. ಈಗ ಅದು ವಸ್ತುಸಂಗ್ರಹಾಲಯ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ತಿಮ್ಮಯ್ಯನವರ ಸಮಾಧಿ ಇರುವುದು ಮಾತ್ರ ಬೆಂಗಳೂರಿನ ವಿಲ್ಸನ್ ಗಾರ್ಡನ್ ಸ್ಮಶಾನದಲ್ಲಿ.

## ಯುದ್ಧಭೂಮಿ

ಎರಡನೇ ಮಹಾಯುದ್ಧದಲ್ಲಿ ಅವರು ಮಾಡಿದ್ದೇನು?

ಬರ್ಮಾದ ಅರಕಾನ್ ಕರಾವಳಿಯಲ್ಲಿ ಬೆಟಾಲಿಯನ್ ನಡೆಸಿದರು. 1945ರ ಆರಂಭದ ಕಾಂಗಾವ್ ಕದನದಲ್ಲಿ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳ ಮುಖಂಡರು ಭಾರತೀಯರೇ ಆಗಿದ್ದರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಾಟ್, ಎಲ್.ಪಿ. ಸೇನ್. ಮೂವರಿಗೂ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಎಂಬ ಬ್ರಿಟಿಷ್ ಸೇನಾ ಪದಕ ಬಂದಿತು. ಭಾರತೀಯರು ಅಧಿಕಾರಿಗಳಾಗಲು ಯೋಗ್ಯರೇ ಎಂದು ಅಲ್ಲಿಯವರೆಗೂ ಅನುಮಾನಿಸುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು. ಇದಾದ ಮೇಲೆ ತಿಮ್ಮಯ್ಯನವರಿಗೆ 36ನೇ ಬ್ರಿಗೇಡಿನ ನೇತೃತ್ವ ಸಿಕ್ಕಿತು. ಆ ಯುದ್ಧದಲ್ಲಿ ಕಾದಾಡುವ ಪದಾತಿ ಬ್ರಿಗೇಡ್ ಒಂದನ್ನು ನಡೆಸಿದ ಏಕೈಕ ಭಾರತೀಯ ಅವರು. ಯುದ್ಧ ಮುಗಿದ ಮೇಲೆ ಸೋತ ಜಪಾನಿಗೆ ಹೋದ ಭಾರತೀಯ ಬ್ರಿಗೇಡಿನ ಮುಖ್ಯಸ್ಥರೂ ಅವರೇ.

ಜೋಜಿಲಾದಲ್ಲಿ ಟ್ಯಾಂಕ್ ಏರಿಸಿದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೀರಾ?

1948ರ ಬೇಸಿಗೆಯ ಹೊತ್ತಿಗೆ ದ್ರಾಸ್ ಮತ್ತು ಕಾರ್ಗಿಲ್ ಪಾಕಿಸ್ತಾನದ ಕಡೆಯವರ ವಶವಾಗಿದ್ದವು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ತುಂಡಾಗಿತ್ತು. ಲೇಹ್‌ನಲ್ಲಿ ಬೆರಳೆಣಿಕೆಯ ಸೈನಿಕರು. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಸ್ಥಳೀಯರನ್ನು ಸೇರಿಸಿಕೊಂಡು ಮಣ್ಣಿನ ಓಡುದಾರಿಯೊಂದನ್ನು ಸಮತಟ್ಟು ಮಾಡಿದ್ದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಾಲಯದ ಮೇಲೆ ಹಾರಿಸಿ ಅಲ್ಲಿ ಇಳಿಸಿದರು. ಆ ಎತ್ತರಕ್ಕೆ ಮಾಡಿದ ವಿಮಾನವಲ್ಲ ಅದು. ಅದರಲ್ಲಿ ಕುಳಿತಿದ್ದ ಪ್ರಯಾಣಿಕರಲ್ಲಿ ತಿಮ್ಮಯ್ಯ ಒಬ್ಬರು. ತಾನು ಕಳುಹಿಸಬೇಕಾದ ಸೈನಿಕರಿಗಿಂತ ಮೊದಲು ತಾನು ಹೋಗಿ ನೋಡಬೇಕು ಎಂಬುದು ಅವರ ಪದ್ಧತಿ.

ವಿಮಾನದಿಂದ ಲೇಹ್ ಉಸಿರಾಡಿತು, ದಾರಿ ತೆರೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ 77ನೇ ಪ್ಯಾರಾ ಬ್ರಿಗೇಡ್ ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆಮಾರ್ಗವನ್ನು ಭೇದಿಸಲು ಹೋಗಿ ವಿಫಲವಾಯಿತು. ಶತ್ರುಗಳು ಎರಡೂ ಬದಿಯ ಬಂಡೆಗಳಲ್ಲಿ ಗುಹೆಯಂತಹ ಬಂಕರ್ ಮಾಡಿಕೊಂಡು ಮೆಷಿನ್ ಗನ್ ಇಟ್ಟಿದ್ದರು. ಕೆಳಗಿನಿಂದ ಏರುವವರಿಗೆ ಮರೆಯೇ ಇರಲಿಲ್ಲ. ಫಿರಂಗಿಯ ಗುಂಡು ಆ ಬಂಕರ್‌ಗಳಿಗೆ ನೇರವಾಗಿ ತಗಲುತ್ತಿರಲಿಲ್ಲ.

ಹಾಗಾದರೆ ಫಿರಂಗಿಯನ್ನೇ ಬಂಕರ್ ಎದುರಿಗೆ ಒಯ್ದರೆ? ಉಕ್ಕಿನ ಕವಚದೊಳಗೆ ಕುಳಿತು ಎದುರಿನಿಂದಲೇ ಹೊಡೆಯಬೇಕೆಂದರೆ ಟ್ಯಾಂಕೇ ಬೇಕು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಜಮ್ಮು ಕಡೆಯಿಂದ ತರಿಸಲಾಯಿತು. ಗುಟ್ಟು ಬಯಲಾಗದಿರಲೆಂದು ಮೇಲಿನ ಗೋಪುರಗಳನ್ನು ಕಳಚಿ, ಟಾರ್ಪಾಲು ಹೊದಿಸಿ ಸಾಗಿಸಿದರು. ಕಣಿವೆಮಾರ್ಗದ ಬುಡದ ಬಾಲ್ತಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳ ಕಾಲುದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಈ ಎಂಜಿನಿಯರ್ ಪಡೆ ಗುಂಡಿನ ನಡುವೆ ಬಂಡೆ ಸಿಡಿಸಿ ದಾರಿ ಕಡಿಯಿತು. ನನ್ನ ಲೆಕ್ಕದಲ್ಲಿ ಜೋಜಿಲಾದ ಅರ್ಧ ಕೀರ್ತಿ ಅವರಿಗೆ ಸಲ್ಲಬೇಕು.

ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆಮಾರ್ಗ ಹೊಕ್ಕವು. ಎದುರಾಳಿಗಳ ಬಳಿ ಟ್ಯಾಂಕ್ ನಿಲ್ಲಿಸುವ ಆಯುಧವೇ ಇರಲಿಲ್ಲ, ಇಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂಬ ಕಲ್ಪನೆಯೂ ಇರಲಿಲ್ಲ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಡಿವಿಷನ್ ನಡೆಸುವವರು ಹಾಗೆ ಮುಂದೆ ಹೋಗಬಾರದು ಎಂದು ಸೈನಿಕ ಶಾಸ್ತ್ರ ಹೇಳುತ್ತದೆ. ಆದರೆ ಒಮ್ಮೆ ಸೋತು ಹಿಂದಿರುಗಿದ ಸೈನಿಕರನ್ನು ಅದೇ ಜಾಗಕ್ಕೆ ಮತ್ತೆ ಕಳುಹಿಸುವಾಗ ಶಾಸ್ತ್ರಕ್ಕಿಂತ ಮುಖ ತೋರಿಸುವುದು ಮುಖ್ಯವಾಗುತ್ತದೆ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಎರಡೂ ಮರಳಿ ಸಿಕ್ಕವು, ಲೇಹ್‌ನ ದಾರಿ ತೆರೆಯಿತು.

ಗೋವಾ ವಿಮೋಚನೆಯೂ ಅವರದೇ ಸಾಧನೆ ತಾನೇ?

ಅಲ್ಲ. ಅದು 1961ರ ಡಿಸೆಂಬರ್. ತಿಮ್ಮಯ್ಯ ಅದೇ ವರ್ಷದ ಮೇ ತಿಂಗಳಲ್ಲಿ ನಿವೃತ್ತರಾಗಿದ್ದರು. ಆಗಿನ ಮುಖ್ಯಸ್ಥರು ಪಿ.ಎನ್. ಥಾಪರ್.

## ನಡುವೆ ನಿಂತ ಸೈನಿಕ

ಭಾರತ ಹೋರಾಡದ ಕೊರಿಯಾ ಯುದ್ಧದಲ್ಲಿ ಅವರಿಗೇನು ಕೆಲಸ?

ಅವರ ಬದುಕಿನ ಅತ್ಯಂತ ಕಠಿಣ ಕೆಲಸ ಅಲ್ಲಿಯೇ ಇತ್ತು. ನಮ್ಮಲ್ಲಿ ಟ್ಯಾಂಕಿನ ಕಥೆಗೆ ಸಿಗುವ ಚಪ್ಪಾಳೆಯಲ್ಲಿ ಕಾಲು ಭಾಗವೂ ಇದಕ್ಕೆ ಸಿಗುವುದಿಲ್ಲ.

1953ರ ಜುಲೈನಲ್ಲಿ ಕದನವಿರಾಮವಾದಾಗ ದೊಡ್ಡ ತೊಡಕು ಯುದ್ಧಕೈದಿಗಳದ್ದಾಗಿತ್ತು. ವಿಶ್ವಸಂಸ್ಥೆಯ ಪಡೆಗಳ ಬಳಿ ಸೆರೆಯಲ್ಲಿದ್ದ ಚೀನಾ ಮತ್ತು ಉತ್ತರ ಕೊರಿಯಾದ 22,000ಕ್ಕೂ ಹೆಚ್ಚು ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಆಚೆ ಕಡೆಯಲ್ಲೂ 359 ಮಂದಿ ಹಾಗೆಯೇ ಹಟ ಹಿಡಿದಿದ್ದರು, ಅವರಲ್ಲಿ 23 ಅಮೆರಿಕನ್ನರು. ಇವರು ನಿಜವಾಗಿ ಒಲ್ಲೆ ಎನ್ನುತ್ತಿದ್ದಾರೋ, ಬೆದರಿಕೆಗೆ ಹೆದರಿ ಹಾಗೆ ಹೇಳುತ್ತಿದ್ದಾರೋ ಎಂದು ತಿಳಿಯಲು ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಹೊಣೆ ಭಾರತೀಯ ಪಡೆಯದ್ದು, ಅದರ ಮುಖ್ಯಸ್ಥರು ಬರ್ಮಾದ ಹಳೆಯ ಸಂಗಾತಿ ಥೋರಾಟ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ಪಟ್ಟು ಹಿಡಿದರು. ಹಾಗಾಗಿ ನಮ್ಮವರನ್ನು ಇಂಚಾನ್ ಬಂದರಿನ ಹಡಗುಗಳಿಂದ ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ನೇರವಾಗಿ ಎರಡು ಕೊರಿಯಾಗಳ ನಡುವಿನ ಸೇನಾರಹಿತ ವಲಯದೊಳಗೆ ಇಳಿಸಬೇಕಾಯಿತು. ಅವರ ಶಿಬಿರಕ್ಕೆ ‘ಹಿಂದ್ ನಗರ’ ಎಂದು ಹೆಸರಿಟ್ಟರು.

ಕೈದಿಗಳ ಮನಸ್ಸು ತಿಳಿಯುವ ಡೇರೆಗಳಿಗೆ ಹೊರಹೋಗಲು ಎರಡು ಬಾಗಿಲು. ಒಳಗೆ ಕೈದಿಯ ದೇಶದ ಪ್ರತಿನಿಧಿ, ಆಯೋಗದವರು, ದುಭಾಷಿ. ಪ್ರತಿನಿಧಿ ಮನವೊಲಿಸುತ್ತಾನೆ, ಕೈದಿ ಕೇಳಿಸಿಕೊಳ್ಳುತ್ತಾನೆ ಅಥವಾ ಕಿರುಚಾಡುತ್ತಾನೆ. ಕೊನೆಗೆ ಒಂದು ಬಾಗಿಲಿನಿಂದ ಹೋದರೆ ತಾಯ್ನಾಡು, ಇನ್ನೊಂದರಿಂದ ಹೋದರೆ ಮತ್ತೆ ಶಿಬಿರ. ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಂಡರು. ಶಿಬಿರಗಳೊಳಗೆ ಕೈದಿಗಳದೇ ನಾಯಕರು, ಅವರದೇ ದಂಡನೆ, ಕೊಲೆಗಳೂ ನಡೆದವು. ದೊಂಬಿ ಎದ್ದಾಗ ಭಾರತೀಯ ಕಾವಲುಗಾರರು ಗುಂಡು ಹಾರಿಸಿದ ಪ್ರಸಂಗಗಳೂ ಇವೆ, ಕೈದಿಗಳು ಸತ್ತಿದ್ದಾರೆ.

ಕೊನೆಗೆ ಕೈದಿಗಳನ್ನು ಸೆರೆ ಹಿಡಿದವರಿಗೇ ಒಪ್ಪಿಸಿದರಂತೆ. ಇದು ಜವಾಬ್ದಾರಿಯಿಂದ ನುಣುಚಿಕೊಂಡಂತಲ್ಲವೇ?

ಹಾಗೆ ಆಗಲೇ ಆರೋಪಿಸಿದ್ದರು, ಎರಡೂ ಕಡೆಯವರು. ಉಳಿದ ಕೈದಿಗಳ ಭವಿಷ್ಯವನ್ನು ರಾಜಕೀಯ ಸಮ್ಮೇಳನವೊಂದು ನಿರ್ಧರಿಸಬೇಕೆಂದು ಒಪ್ಪಂದದಲ್ಲಿತ್ತು. ಆ ಸಮ್ಮೇಳನ ನಡೆಯಲೇ ಇಲ್ಲ. ಗಡುವು ಮುಗಿಯುವ ದಿನ 1954ರ ಜನವರಿ 23. ಅಮೆರಿಕದ ಕಡೆಯವರು ಆ ದಿನ ಕೈದಿಗಳನ್ನು ನಾಗರಿಕರೆಂದು ಬಿಟ್ಟುಬಿಡಿ ಎಂದರು. ಚೀನಾ ಕಡೆಯವರು ಸಮ್ಮೇಳನ ನಡೆಯುವವರೆಗೂ ಹಿಡಿದಿಡಿ ಎಂದರು. ತಾನಾಗಿ ಬಿಡುಗಡೆ ಮಾಡುವ ಅಧಿಕಾರ ತನಗಿಲ್ಲ, ಅನಂತ ಕಾಲ ಹಿಡಿದಿಡುವ ಅಧಿಕಾರವೂ ಇಲ್ಲ ಎಂದು ತಿಮ್ಮಯ್ಯ ತೀರ್ಮಾನಿಸಿ, ಗಡುವಿಗೆ ಎರಡು ಮೂರು ದಿನ ಮೊದಲೇ ಕೈದಿಗಳನ್ನು ಬಂದ ಕಡೆಗೇ ಹಿಂತಿರುಗಿಸಿದರು. ಚೀನೀ ಕೈದಿಗಳಲ್ಲಿ ಬಹುಪಾಲು ತೈವಾನಿಗೆ ಹೋದರು. ಯಾವ ಕಡೆಯೂ ಬೇಡವೆಂದ 80ಕ್ಕೂ ಹೆಚ್ಚು ಮಂದಿ ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು.

ನುಣುಚಿಕೊಳ್ಳಬೇಕಿದ್ದರೆ ಇಬ್ಬರಲ್ಲಿ ಬಲವಾದವರ ಮಾತು ಕೇಳುವುದು ಸುಲಭವಿತ್ತು. ಇಬ್ಬರಿಗೂ ಬೇಡವಾದ ದಾರಿ ಹಿಡಿದರು, ಅದೂ ತನಗೆ ಕೊಟ್ಟ ಅಧಿಕಾರದ ಗೆರೆಯೊಳಗೆ. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತು.

ನಿವೃತ್ತರಾದ ಮೇಲೆ ಸೈಪ್ರಸ್‌ಗೆ ಏಕೆ ಹೋದರು? ತೋಟ ನೋಡಿಕೊಂಡು ಇರಬಹುದಿತ್ತಲ್ಲ.

ತೋಟಕ್ಕೇ ಮರಳಿದ್ದರು. ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ಕಲಹ ಹೆಚ್ಚಿ, 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಪಡೆ ಕಳುಹಿಸಿತು. ಅದರ ಮೊದಲ ಮುಖ್ಯಸ್ಥರೂ ಭಾರತೀಯರೇ, ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಅವರ ನಂತರ ಕರೆ ಬಂದದ್ದು ಕೊರಿಯಾದಲ್ಲಿ ಹೆಸರು ಮಾಡಿದ್ದ ತಿಮ್ಮಯ್ಯನವರಿಗೆ. ಹೋಗಿ ಹೆಚ್ಚು ದಿನವಾಗಿರಲಿಲ್ಲ, ಆಗಸ್ಟ್‌ನಲ್ಲಿ ದ್ವೀಪದ ವಾಯವ್ಯ ಕರಾವಳಿಯ ಕೊಕ್ಕಿನಾ ಸುತ್ತ ಕಾಳಗ ಭುಗಿಲೆದ್ದು ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಆಮೇಲಿನ ಒಂದೂವರೆ ವರ್ಷ ಅವರು ಮಾಡಿದ್ದು ಪತ್ರಿಕೆಗಳಲ್ಲಿ ಬರುವಂತಹ ಕೆಲಸವಲ್ಲ: ಹಳ್ಳಿ ಹಳ್ಳಿಗಳ ನಡುವೆ ಕಾವಲು, ಎರಡೂ ಕಡೆಯ ನಾಯಕರೊಡನೆ ಮುಗಿಯದ ಮಾತುಕತೆ. ಅವರು ತೀರಿಕೊಂಡ ಮರುವರ್ಷ ಸೈಪ್ರಸ್ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು.

## ದೆಹಲಿಯ ವರ್ಷಗಳು

1959ರ ರಾಜೀನಾಮೆಯ ಹಿಂದೆ ಏನಿತ್ತು?

ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಡನೆ ಬಿಗಡಾಯಿಸಿದ ಸಂಬಂಧ. ಮೆನನ್ ಚುರುಕು ಬುದ್ಧಿಯವರು, ನಾಲಗೆ ಅದಕ್ಕಿಂತ ಚುರುಕು. ಕಿರಿಯರ ಮುಂದೆ ಹಿರಿಯ ಅಧಿಕಾರಿಗಳನ್ನು ಹೀನಾಯ ಮಾಡುತ್ತಾರೆ, ಬಡ್ತಿಯಲ್ಲಿ ಕೈ ಹಾಕುತ್ತಾರೆ ಎಂಬ ಅಸಮಾಧಾನ ಸೇನೆಯಲ್ಲಿ ಬೆಳೆದಿತ್ತು. ಮೆನನ್ ಅವರ ಮೆಚ್ಚಿನ ಅಧಿಕಾರಿ ಬಿ.ಎಂ. ಕೌಲ್ ಅವರನ್ನು ಲೆಫ್ಟಿನೆಂಟ್ ಜನರಲ್ ದರ್ಜೆಗೆ ಏರಿಸಿದ್ದು ಬೆಂಕಿಗೆ ತುಪ್ಪವಾಯಿತು. ಗಡಿಯಲ್ಲಿ ಚೀನಾ ಕುರಿತ ಆತಂಕವೂ ಏರುತ್ತಿತ್ತು. ಆಗಸ್ಟ್ 25ರಂದು ಈಶಾನ್ಯ ಗಡಿಯ ಲಾಂಗ್ಜುವಿನಲ್ಲಿ ಚೀನೀಯರೊಡನೆ ಗುಂಡಿನ ಚಕಮಕಿ ನಡೆದಿತ್ತು.

ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಪತ್ರ ಕಳುಹಿಸಿದರು. ಪ್ರಧಾನಿ ನೆಹರೂ ಕರೆಸಿ ಮಾತನಾಡಿ ಮನವೊಲಿಸಿದರು, ತಿಮ್ಮಯ್ಯ ಪತ್ರ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸಿಕ್ಕಿತ್ತು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ಇದೆಲ್ಲ ಸ್ವಭಾವಗಳ ತಾಕಲಾಟ, ಸಣ್ಣ ವಿಷಯ ಎಂದು ತಳ್ಳಿಹಾಕಿದರು. ಸೇನೆಯ ಮೇಲೆ ಚುನಾಯಿತ ಸರ್ಕಾರದ ಅಧಿಕಾರವೇ ದೊಡ್ಡದು ಎಂದೂ ನೆನಪಿಸಿದರು.

ಹಿಂತೆಗೆದುಕೊಂಡದ್ದು ಸರಿಯೇ?

ನನ್ನ ದೃಷ್ಟಿಯಲ್ಲಿ ತಪ್ಪು. ರಾಜೀನಾಮೆ ಕೊಡುವುದು ಸೇನಾ ಮುಖ್ಯಸ್ಥನಿಗೆ ಒಂದೇ ಒಂದು ಬಾರಿ ಬಳಸಬಹುದಾದ ಅಸ್ತ್ರ. ಹೂಡಿದ ಮೇಲೆ ಇಳಿಸಿದರೆ ಎದುರಿನವರಿಗೆ ಭಯ ಹೋಗುತ್ತದೆ, ಕೈಕೆಳಗಿನವರಿಗೆ ಭರವಸೆ ಹೋಗುತ್ತದೆ. ಆಮೇಲಿನ ಒಂದೂಮುಕ್ಕಾಲು ವರ್ಷ ಅವರು ಕುರ್ಚಿಯಲ್ಲಿದ್ದರು, ಪ್ರಭಾವ ಇರಲಿಲ್ಲ. ತಮ್ಮ ನಂತರ ಥೋರಾಟ್ ಬರಲಿ ಎಂಬ ಅವರ ಇಚ್ಛೆಯೂ ನಡೆಯಲಿಲ್ಲ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಸುತ್ತಮುತ್ತ ಏನಾಗುತ್ತಿತ್ತು? ಪಾಕಿಸ್ತಾನದಲ್ಲಿ ಹಿಂದಿನ ವರ್ಷವಷ್ಟೇ ಜನರಲ್ ಅಯೂಬ್ ಖಾನ್ ಅಧಿಕಾರ ಹಿಡಿದಿದ್ದರು. ಸೈನಿಕರಲ್ಲಿ ಅಪಾರ ಜನಪ್ರಿಯತೆ ಇದ್ದ ತಿಮ್ಮಯ್ಯ ಪ್ರಧಾನಿಯ ಒಂದು ಮಾತಿಗೆ ಪತ್ರ ಹಿಂಪಡೆದು, ಸಂಸತ್ತಿನಲ್ಲಿ ತಮ್ಮನ್ನು ಹಗುರಾಗಿ ಆಡಿದಾಗಲೂ ತುಟಿ ಬಿಚ್ಚಲಿಲ್ಲ. ಕೊರಿಯಾದಲ್ಲಿ ಅಧಿಕಾರದ ಗೆರೆ ದಾಟದ ಮನುಷ್ಯ ದೆಹಲಿಯಲ್ಲೂ ದಾಟಲಿಲ್ಲ. ಅದರಿಂದ ಅವರಿಗೆ ನಷ್ಟವಾಯಿತು, ದೇಶಕ್ಕೆ ಆಗಲಿಲ್ಲ.

ತಿಮ್ಮಯ್ಯ ಇದ್ದಿದ್ದರೆ 1962ರಲ್ಲಿ ನಾವು ಗೆಲ್ಲುತ್ತಿದ್ದೆವೇ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಹೆಚ್ಚಿನವರು ಹೌದು ಎಂಬ ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡೇ ಕೇಳುತ್ತಾರೆ. ತಿಮ್ಮಯ್ಯನವರೇ ಹೌದು ಎನ್ನುತ್ತಿರಲಿಲ್ಲ. 1962ರ ಜುಲೈನಲ್ಲಿ, ಯುದ್ಧಕ್ಕೆ ಮೂರು ತಿಂಗಳು ಮೊದಲು ಪ್ರಕಟವಾದ ಲೇಖನದಲ್ಲಿ ಅವರು, ಭಾರತ ಒಂಟಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾನು ಊಹಿಸಲಾರೆ, ನಮ್ಮ ಭದ್ರತೆ ರಾಜಕಾರಣಿಗಳು ಮತ್ತು ರಾಜತಾಂತ್ರಿಕರ ಕೈಯಲ್ಲಿದೆ ಎಂಬ ಅರ್ಥದ ಮಾತು ಬರೆದಿದ್ದರು.

ಸೋಲಿನ ಸ್ವರೂಪ ಬೇರೆ ಇರಬಹುದಿತ್ತು ಎನ್ನುವುದಾದರೆ ಒಪ್ಪುತ್ತೇನೆ. 1960ರ ಮಾರ್ಚ್‌ನಲ್ಲಿ ಥೋರಾಟ್ ಅವರ ಪೂರ್ವ ಕಮಾಂಡ್ ಲಕ್ನೋದಲ್ಲಿ ‘ಲಾಲ್ ಕಿಲಾ’ ಎಂಬ ಯುದ್ಧಾಭ್ಯಾಸ ನಡೆಸಿತ್ತು. ಗಡಿಗೆ ಅಂಟಿಕೊಂಡ ಸಣ್ಣ ಚೌಕಿಗಳು ಶತ್ರುವನ್ನು ತಡೆಯಲಾರವು, ಹಿಂದೆ ರಸ್ತೆ ಮತ್ತು ಸರಬರಾಜು ಇರುವ ಕಡೆ ಗಟ್ಟಿಯಾಗಿ ನಿಲ್ಲಬೇಕು ಎಂಬುದು ಅದರ ಸಾರ. ತಿಮ್ಮಯ್ಯ ಅದನ್ನು ಕಣ್ಣಾರೆ ಕಂಡು ಒಪ್ಪಿದ್ದರು. ಅವರು ಹೋದ ಮೇಲೆ ನಡೆದದ್ದು ಅದರ ತದ್ವಿರುದ್ಧ: ಒಂದೊಂದರಲ್ಲಿ ಬೆರಳೆಣಿಕೆಯ ಜವಾನರನ್ನು ಕೂರಿಸಿದ ಮುಂಚೂಣಿ ಚೌಕಿಗಳು ಗಡಿಯುದ್ದಕ್ಕೂ ಎದ್ದವು. ಆದರೆ ಸಾಕಷ್ಟು ರಸ್ತೆ, ಚಳಿಯ ಬಟ್ಟೆ, ಹೊಸ ರೈಫಲ್ ಇಲ್ಲದಿದ್ದ ಸೈನ್ಯ ಅವರ ಕಾಲದ್ದೂ ಹೌದು. ನಾಲ್ಕು ವರ್ಷ ಕೇಳಿ ಕೇಳಿ ಸಿಗದಿದ್ದುದನ್ನು ಐದನೆಯ ವರ್ಷ ಅವರು ಎಲ್ಲಿಂದ ತರುತ್ತಿದ್ದರು?

ಸೋಲಿನ ನಂತರ ಮೆನನ್ ಹುದ್ದೆ ಕಳೆದುಕೊಂಡರು, ಥಾಪರ್ ಕೂಡ ಇಳಿದರು. ಹೊಸದಾಗಿ ರಚಿಸಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ನೆಹರೂ ಸದಸ್ಯರನ್ನಾಗಿ ಕರೆದವರಲ್ಲಿ ಇಬ್ಬರು ನಿವೃತ್ತ ಸೇನಾಧಿಕಾರಿಗಳು ತಿಮ್ಮಯ್ಯ ಮತ್ತು ಥೋರಾಟ್.